ಪೈಪೋಟಿಯ ನಡುವೆ ಸಹಬಾಳ್ವೆ: ಹೊಳೆ, ಪದವು ಮತ್ತು ಬನಗಳ ಕುರಿತ ಕೆಲವು ತಪ್ಪು ಕಲ್ಪನೆಗಳು

ನೇತ್ರಾವತಿಯ ಮೇಲ್ಭಾಗದ ಘಟ್ಟದ ಕಾಡು, ಬೆಳ್ತಂಗಡಿಯಿಂದ ಬಂಟ್ವಾಳದವರೆಗಿನ ಅಡಿಕೆ ತೋಟ ಮತ್ತು ಬೈಲುಗದ್ದೆಗಳು, ಮೂಡುಬಿದಿರೆಯ ಸುತ್ತಲಿನ ಪದವುಗಳೆಂಬ ಮುರಕಲ್ಲಿನ ಎತ್ತರದ ಬಯಲುಗಳು, ಇವೆಲ್ಲದರ ನಡುವೆ ಚದುರಿರುವ ನಾಗಬನಗಳು ಸೇರಿ ದಕ್ಷಿಣ ಕನ್ನಡದ ಈ ಮೂರು ತಾಲ್ಲೂಕುಗಳಲ್ಲಿ ಒಂದನ್ನೊಂದು ಹೋಲದ ಹಲವು ಜೀವಿಸಮುದಾಯಗಳು ಹತ್ತಿರ ಹತ್ತಿರದಲ್ಲೇ ನೆಲೆಸಿವೆ. ಒಂದೇ ಜಾಗದಲ್ಲಿ ಬದುಕುತ್ತ ಪರಸ್ಪರ ಪ್ರಭಾವ ಬೀರುವ ಎಲ್ಲ ಪ್ರಭೇದಗಳ ಗುಂಪನ್ನು ಪರಿಸರ ವಿಜ್ಞಾನದಲ್ಲಿ ಸಮುದಾಯವೆಂದೂ, ಎಲ್ಲಕ್ಕೂ ಸಾಲದಷ್ಟಿರುವ ಬೆಳಕು, ನೀರು, ಆಹಾರ ಅಥವಾ ಜಾಗಕ್ಕಾಗಿ ಒಂದು ಜೀವಿ ಇನ್ನೊಂದರ ಪಾಲನ್ನು ಕಡಿಮೆ ಮಾಡುವುದನ್ನು ಸ್ಪರ್ಧೆಯೆಂದೂ ಕರೆಯುತ್ತಾರೆ. ಈ ಪದಗಳು ಪಠ್ಯಪುಸ್ತಕದಿಂದ ದಿನಬಳಕೆಗೆ ಬಂದಾಗ ಕೆಲವು ತಪ್ಪು ತಿಳಿವಳಿಕೆಗಳೂ ಜೊತೆಗೂಡಿ ಬಂದವು. ಪದವಿನಲ್ಲಿ ಏನನ್ನು ನೆಡಬೇಕು, ಬನವನ್ನು ಹೇಗೆ ಜೀರ್ಣೋದ್ಧಾರ ಮಾಡಬೇಕು ಎಂಬ ತೀರ್ಮಾನಗಳು ಇಂದಿಗೂ ಆ ತಿಳಿವಳಿಕೆಯ ಮೇಲೆಯೇ ನಡೆಯುತ್ತಿರುವುದರಿಂದ ಅವುಗಳನ್ನು ಒಂದೊಂದಾಗಿ ಪರಿಶೀಲಿಸುವುದು ಅಗತ್ಯವಾಗಿದೆ.

ನಂಬಿಕೆ: ಸ್ಪರ್ಧೆಯಲ್ಲಿ ಬಲಿಷ್ಠ ಪ್ರಭೇದವೇ ಉಳಿದು ಮಿಕ್ಕವು ಅಳಿಯುತ್ತವೆ

ಈ ನಂಬಿಕೆಗೆ ಒಂದು ಪ್ರಯೋಗದ ಆಧಾರವಿದೆ, ಆದರೆ ಆ ಪ್ರಯೋಗದ ಅರ್ಧವಷ್ಟೇ ಜನಜನಿತವಾಗಿದೆ. ರಷ್ಯಾದ ವಿಜ್ಞಾನಿ ಗಾಸೆ 1930ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿಯ ಎರಡು ಪ್ರಭೇದಗಳನ್ನು ಒಂದೇ ಆಹಾರ ಕೊಟ್ಟು ಒಂದೇ ನಳಿಕೆಯಲ್ಲಿ ಬೆಳೆಸಿದಾಗ ಅವುಗಳಲ್ಲಿ ಒಂದು ಸಂಪೂರ್ಣವಾಗಿ ನಾಶವಾಯಿತು; ಅದೇ ಸೋತ ಪ್ರಭೇದವನ್ನು ಮೂರನೆಯ ಪ್ರಭೇದವೊಂದರ ಜೊತೆ ಬೆಳೆಸಿದಾಗ, ಒಂದು ನೀರಿನ ಮೇಲ್ಭಾಗದಲ್ಲಿಯೂ ಇನ್ನೊಂದು ತಳದಲ್ಲಿಯೂ ಆಹಾರ ಹುಡುಕಿಕೊಂಡು ಎರಡೂ ಉಳಿದವು. ಒಂದು ಪ್ರಭೇದಕ್ಕೆ ಬೇಕಾದ ಜಾಗ, ಆಹಾರ, ಕಾಲ ಮತ್ತು ಹವೆಗಳೆಲ್ಲ ಸೇರಿದ ಬದುಕಿನ ಪಾಲನ್ನು ವಿಜ್ಞಾನಿಗಳು ‘ನಿಶ್’ ಎನ್ನುತ್ತಾರೆ. ಆ ಪಾಲು ಪೂರ್ತಿ ಒಂದೇ ಆಗಿದ್ದರೆ ಎರಡರಲ್ಲಿ ಒಂದು ಅಳಿಯುತ್ತದೆ, ಬೇರೆಯಾಗಿದ್ದಷ್ಟೂ ಎರಡೂ ಉಳಿಯುವ ಅವಕಾಶ ಹೆಚ್ಚುತ್ತದೆ ಎಂಬುದು ಗಾಸೆಯ ಪ್ರಯೋಗಗಳು ಒಟ್ಟಾಗಿ ಹೇಳುವ ಮಾತು.

ಘಟ್ಟದ ತಪ್ಪಲಿನ ಹೊಳೆಗಳಲ್ಲಿ ಈ ಹಂಚಿಕೆ ಸ್ಪಷ್ಟವಾಗಿ ಕಾಣುತ್ತದೆ. ಬಂಡೆಗೆ ಬಾಯಿಂದ ಅಂಟಿಕೊಂಡು ಪಾಚಿ ಕೆರೆದು ತಿನ್ನುವ ಮೀನು, ಹರಳುಕಲ್ಲುಗಳ ಸಂದಿಯಲ್ಲಿ ಹುಳ ಹುಡುಕುವ ಸಣ್ಣ ಲೋಚ್ ಮೀನು, ನೀರ ಮೇಲೆ ಬಿದ್ದ ಕೀಟಗಳನ್ನು ಹಿಡಿಯುವ ಮೀನು, ರಾತ್ರಿ ಮಾತ್ರ ಹೊರಬರುವ ಮೀಸೆಮೀನು ಇವೆಲ್ಲ ಒಂದೇ ಹೊಳೆಯ ಕೆಲವೇ ಮೀಟರುಗಳಲ್ಲಿ ಬದುಕುತ್ತವೆ. ಚಿಟ್ಟೆಗಳ ವಿಷಯವೂ ಇಂಥದೇ: ಮೂಡುಬಿದಿರೆ ಬಳಿಯ ಬೆಳುವಾಯಿಯ ಚಿಟ್ಟೆ ಉದ್ಯಾನದಲ್ಲಿ ಹಲವು ಬಗೆಯ ಚಿಟ್ಟೆಗಳು ಒಂದೇ ಹೂವಿನ ಮಕರಂದಕ್ಕೆ ಬರುವುದನ್ನು ನೋಡಿದವರಿಗೆ ಅವುಗಳ ಆಹಾರ ಒಂದೇ ಎನಿಸಬಹುದಾದರೂ, ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳ ಈಶ್ವರಬಳ್ಳಿಯ ಜಾತಿಯ ಎಲೆಗಳನ್ನೂ, ಕಾಮನ್ ಮಾರ್ಮನ್‌ನ ಮರಿಹುಳ ನಿಂಬೆ ಮತ್ತು ಕರಿಬೇವಿನ ಎಲೆಗಳನ್ನೂ ತಿಂದು ಬೆಳೆಯುತ್ತವೆ.

ದೊಡ್ಡ ಬೇಟೆ ಪ್ರಾಣಿಗಳಲ್ಲಿ ಇದನ್ನು ಅಳತೆ ಮಾಡಿಯೇ ತೋರಿಸಲಾಗಿದೆ. ದಕ್ಷಿಣ ಕನ್ನಡದವರೇ ಆದ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸಂಕ್ವಿಸ್ಟ್ ನಾಗರಹೊಳೆಯಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹುಲಿ ಕೊಂದ ಮುಖ್ಯ ಬೇಟೆಗಳ ಸರಾಸರಿ ತೂಕ ಸುಮಾರು 91 ಕಿಲೋ, ಕಾಡುನಾಯಿಗಳದು ಸುಮಾರು 43 ಕಿಲೋ, ಚಿರತೆಯದು ಸುಮಾರು 38 ಕಿಲೋ. ಕಾಟಿಯಂಥ ಭಾರಿ ಪ್ರಾಣಿಗಳೂ ಜಿಂಕೆಗಳೂ ಹೇರಳವಾಗಿರುವ ಕಾಡಿನಲ್ಲಿ ಮೂರೂ ಬೇಟೆಗಾರರಿಗೆ ಪಾಲು ಸಿಗುತ್ತದೆ. ಬೆಳ್ತಂಗಡಿ ತಾಲ್ಲೂಕಿಗೂ ಚಾಚಿಕೊಂಡಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನದಂಥ ಕಾಡುಗಳಲ್ಲಿ ದೊಡ್ಡ ಸಸ್ಯಾಹಾರಿಗಳು ಕಡಿಮೆಯಾದರೆ ಈ ಹಂಚಿಕೆಯೇ ಕುಸಿಯುತ್ತದೆ ಎಂಬುದನ್ನು ಈ ಅಧ್ಯಯನದಿಂದ ಊಹಿಸಬಹುದು.

ಇನ್ನೂ ಮುಖ್ಯವಾದ ಒಂದು ಸಂಗತಿ ಸಾಮಾನ್ಯವಾಗಿ ಗಮನಕ್ಕೆ ಬರುವುದೇ ಇಲ್ಲ. ಲೋಟ್ಕಾ 1925ರಲ್ಲೂ ವೋಲ್ಟೆರಾ 1926ರಲ್ಲೂ ಪ್ರತ್ಯೇಕವಾಗಿ ರೂಪಿಸಿದ ಗಣಿತದ ಸಮೀಕರಣಗಳ ಪ್ರಕಾರ, ಪ್ರತಿಯೊಂದು ಪ್ರಭೇದವೂ ಪರರನ್ನು ತಡೆಯುವುದಕ್ಕಿಂತ ಹೆಚ್ಚಾಗಿ ತನ್ನ ಕುಲದವನ್ನೇ ತಡೆದಾಗ ಹಲವು ಪ್ರಭೇದಗಳು ಒಟ್ಟಿಗೆ ಬಾಳುತ್ತವೆ. ಕಾಡಿನ ಮರಗಳಲ್ಲಿ ಇದು ನಡೆಯುವ ಬಗೆಯೊಂದನ್ನು ಜಾನ್ಸೆನ್ 1970ರಲ್ಲಿಯೂ ಕಾನೆಲ್ 1971ರಲ್ಲಿಯೂ ಸೂಚಿಸಿದರು: ತಾಯಿಮರದ ಬುಡದಲ್ಲಿ ಬಿದ್ದ ಬೀಜ ಮತ್ತು ಸಸಿಗಳನ್ನು ಅದೇ ಜಾತಿಯನ್ನು ಹುಡುಕಿ ಬರುವ ಕೀಟಗಳೂ ರೋಗಗಳೂ ನಾಶ ಮಾಡುವುದರಿಂದ ಆ ಜಾಗ ಬೇರೆ ಜಾತಿಯ ಸಸಿಗೆ ತೆರವಾಗುತ್ತದೆ. ಹೀಗೆ ಒಂದು ಕಾಡಿನ ವೈವಿಧ್ಯವನ್ನು ಅದರ ಕೀಟಗಳೂ ಶಿಲೀಂಧ್ರಗಳೂ ಕಾಪಾಡುತ್ತಿರುತ್ತವೆ.

ನಂಬಿಕೆ: ಹೊಳೆಯಲ್ಲಿ ಮೀನು ಕಿಕ್ಕಿರಿದಿದ್ದರೆ ಹೊಳೆ ಸಮೃದ್ಧವಾಗಿದೆ

ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಎದುರಿನ ಕಪಿಲಾ ನದಿಯಲ್ಲಿ ಮಹಸೀರ್ ಮೀನುಗಳನ್ನು ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದಿರುವುದು ದೇಶದ ಗಮನ ಸೆಳೆದಿರುವ ಸಂರಕ್ಷಣೆಯಾಗಿದ್ದು, ಆ ಊರಿನವರ ಈ ಕಾಳಜಿಗೆ ಎಲ್ಲ ಗೌರವವೂ ಸಲ್ಲಬೇಕು. ಆದರೆ ಒಂದು ಮಡುವಿನಲ್ಲಿ ಒಂದು ಜಾತಿಯ ಮೀನು ಸಾವಿರಗಟ್ಟಲೆ ಇರುವುದು ಸಂಖ್ಯೆಯ ಸಮೃದ್ಧಿ. ವೈವಿಧ್ಯವನ್ನು ಬೇರೆಯಾಗಿಯೇ ಅಳೆಯಬೇಕಾಗುತ್ತದೆ. ತಲಾ ನೂರು ಮೀನುಗಳೂ ಹತ್ತು ಪ್ರಭೇದಗಳೂ ಇರುವ ಎರಡು ಮಡುಗಳನ್ನು ಊಹಿಸಿಕೊಂಡು, ಒಂದರಲ್ಲಿ ಪ್ರತಿ ಪ್ರಭೇದದ ಹತ್ತು ಹತ್ತು ಮೀನುಗಳೂ ಇನ್ನೊಂದರಲ್ಲಿ ಒಂದೇ ಪ್ರಭೇದದ 91 ಮೀನುಗಳ ಜೊತೆ ಉಳಿದ ಒಂಬತ್ತು ಪ್ರಭೇದಗಳ ಒಂದೊಂದು ಮೀನೂ ಇವೆಯೆಂದುಕೊಂಡರೆ, ಬಲೆ ಬೀಸಿ ಯಾವುದಾದರೂ ಎರಡನ್ನು ಹಿಡಿದಾಗ ಅವು ಒಂದೇ ಜಾತಿಯವಾಗಿರುವ ಸಂಭವ ಮೊದಲನೆಯದರಲ್ಲಿ ನೂರಕ್ಕೆ ಸುಮಾರು 9, ಎರಡನೆಯದರಲ್ಲಿ ಸುಮಾರು 83. ಸಿಂಪ್ಸನ್ 1949ರಲ್ಲಿ ಸೂಚಿಸಿದ ಈ ಅಳತೆ, ಪ್ರಭೇದಗಳ ಪಟ್ಟಿಯ ಉದ್ದವೊಂದನ್ನೇ ನೋಡಿ ವೈವಿಧ್ಯವನ್ನು ನಿರ್ಣಯಿಸಬಾರದು, ಅವುಗಳ ಸಮತೋಲನವನ್ನೂ ನೋಡಬೇಕು ಎಂದು ಕಲಿಸುತ್ತದೆ. ಹರಿವ ನೀರಿನ ಮೀನುಗಳಿಗೆ ಹರಿವೇ ಬದುಕಾಗಿರುವುದರಿಂದ, ಬಂಟ್ವಾಳದ ತುಂಬೆಯಲ್ಲಿರುವಂಥ ಕಿಂಡಿ ಅಣೆಕಟ್ಟುಗಳು ನದಿಯನ್ನು ನಿಂತ ನೀರಾಗಿ ಮಾಡುವ ಕಡೆಗಳಲ್ಲಿ ಮೀನುಗಳ ಒಟ್ಟು ತೂಕ ಕಡಿಮೆಯಾಗದಿದ್ದರೂ ಯಾವ ಮೀನು ಉಳಿಯುತ್ತದೆ ಎಂಬುದು ಬದಲಾಗುತ್ತದೆ.

ನಂಬಿಕೆ: ಪದವು ಬಂಜರು ನೆಲ, ಅಲ್ಲಿ ಮರ ನೆಟ್ಟರೆ ಪರಿಸರಕ್ಕೆ ಒಳ್ಳೆಯದು

ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಕೊಟ್ಟ ಫ್ರಾನ್ಸಿಸ್ ಬುಕನನ್ ಅದೇ ಪ್ರವಾಸದಲ್ಲಿ 1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮೂಲಕವೂ ಹಾದುಹೋಗಿದ್ದ. ಬೇಸಿಗೆಯಲ್ಲಿ ಪದವಿನ ಕಪ್ಪುಬಿದ್ದ ಕಲ್ಲುಹಾಸನ್ನು ನೋಡಿದವರಿಗೆ ಅಲ್ಲಿ ಜೀವವಿದೆಯೆಂದು ತೋರದಿರುವುದು ಸಹಜ. ಮಳೆಗಾಲ ಹಿಡಿದೊಡನೆ ಅದೇ ಹಾಸಿನ ತಗ್ಗುಗಳಲ್ಲಿ ಬೆರಳಿನಷ್ಟು ಮಣ್ಣಿನಲ್ಲಿ ಪುಟ್ಟ ಗುಂಡಿಯಂಥ ಬಿಳಿ ಹೂತಲೆಯ ಎರಿಯೊಕಾಲನ್, ನೀರಿನ ಸೂಕ್ಷ್ಮಜೀವಿಗಳನ್ನು ಚೀಲದಲ್ಲಿ ಹಿಡಿಯುವ ಯುಟ್ರಿಕ್ಯುಲೇರಿಯ, ಅಂಟು ರೋಮಗಳಿಂದ ಕೀಟ ಹಿಡಿಯುವ ಡ್ರೊಸೆರ ಮುಂತಾದ ಗಿಡಗಳು ಮೊಳೆತು, ಹೂಬಿಟ್ಟು, ಬೀಜ ಕಟ್ಟಿ, ನೀರು ಒಣಗುವ ಮೊದಲೇ ಬದುಕು ಮುಗಿಸುತ್ತವೆ.

ಫಲವತ್ತಾದ ನೆಲದಲ್ಲಿ ಹೆಚ್ಚು ಜಾತಿಯ ಗಿಡಗಳು ಇರುತ್ತವೆ ಎಂಬ ಸಾಮಾನ್ಯ ಎಣಿಕೆಗೆ ಪದವು ಒಂದು ಪ್ರತ್ಯುತ್ತರ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಹುಲ್ಲುಗಾವಲಿನ ಪ್ರಯೋಗದಲ್ಲಿ, ಗೊಬ್ಬರ ಕಾಣದ ತುಂಡುಗಳಲ್ಲಿ ಮೂವತ್ತಕ್ಕೂ ಹೆಚ್ಚು ಪ್ರಭೇದಗಳು ಉಳಿದುಕೊಂಡಿದ್ದರೆ, ಸಾರಜನಕದ ಗೊಬ್ಬರವನ್ನು ಧಾರಾಳವಾಗಿ ಹಾಕಿ ಮಣ್ಣು ಆಮ್ಲೀಯವಾದ ತುಂಡುಗಳಲ್ಲಿ ಬೆರಳೆಣಿಕೆಯಷ್ಟು ಹುಲ್ಲುಗಳು ಮಾತ್ರ ಉಳಿದವು. ಗೊಬ್ಬರ ಸಿಕ್ಕಾಗ ಬೇಗನೆ ಎತ್ತರಕ್ಕೆ ಬೆಳೆಯುವ ಗಿಡ ಉಳಿದವುಗಳ ಬೆಳಕನ್ನು ಕಿತ್ತುಕೊಳ್ಳುತ್ತದೆ. ಪೋಷಕಾಂಶ ಕಡಿಮೆಯಿದ್ದಲ್ಲಿ ಅಂಥ ದೊಡ್ಡ ಸ್ಪರ್ಧಿಗೆ ತಲೆಯೆತ್ತಲು ಆಗದೆ, ಕೀಟವನ್ನು ತಿಂದಾದರೂ ಸಾರಜನಕ ಗಳಿಸಿಕೊಳ್ಳುವ ಸಣ್ಣ ಗಿಡಗಳಿಗೆ ಜಾಗ ಉಳಿಯುತ್ತದೆ. ಪದವಿನ ಬಡತನವೇ ಅದರ ಜೀವಿಗಳ ಆಸರೆ.

ಇಲ್ಲಿಯ ಪ್ರಾಣಿಗಳನ್ನೂ ವಿಜ್ಞಾನ ಇನ್ನೂ ಪರಿಚಯ ಮಾಡಿಕೊಳ್ಳುತ್ತಿದೆ. ಇದೇ ಕರಾವಳಿಯ ಮಣಿಪಾಲದ ಸುತ್ತಲಿನ ಮುರಕಲ್ಲಿನ ನೆಲದಿಂದ ಮೈಕ್ರೊಹೈಲ ಲ್ಯಾಟರೈಟ್ ಎಂಬ, ಎರಡು ಸೆಂಟಿಮೀಟರಿಗಿಂತಲೂ ಚಿಕ್ಕದಾದ ಕಪ್ಪೆಯನ್ನು 2016ರಲ್ಲಿಯೂ, ಮಂಗಳೂರಿನಿಂದ ಮೈಕ್ರೊಹೈಲ ಕೊಡಿಯಾಲ್ ಎಂಬ ಇನ್ನೊಂದನ್ನು 2018ರಲ್ಲಿಯೂ ಹೊಸ ಪ್ರಭೇದಗಳೆಂದು ವಿವರಿಸಲಾಯಿತು. ಮಳೆಗಾಲದ ರಾತ್ರಿ ಒಂದೇ ಹೊಂಡದ ಸುತ್ತ ಕೂಗುವ ಹಲವು ಜಾತಿಯ ಕಪ್ಪೆಗಳು ಕೂಗಿನ ಸ್ವರ, ಕೂಗುವ ಹೊತ್ತು ಮತ್ತು ಕುಳಿತುಕೊಳ್ಳುವ ಎತ್ತರವನ್ನು ಬೇರೆ ಬೇರೆ ಮಾಡಿಕೊಂಡಿರುವುದರಿಂದ ಹೆಣ್ಣು ಕಪ್ಪೆಗೆ ತನ್ನ ಜಾತಿಯ ಕೂಗು ಗುರುತು ಸಿಗುತ್ತದೆ.

ಇಂಥ ನೆಲವನ್ನು ಹಸಿರು ಮಾಡುವ ಸದುದ್ದೇಶದಿಂದ ಕರಾವಳಿಯ ಅನೇಕ ಪದವುಗಳಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಗಿನಿ ಮೂಲದ ಅಕೇಶಿಯವನ್ನು ನೆಡಲಾಗಿದೆ. ಅದರ ಬೇರುಗಂಟುಗಳ ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ದಪ್ಪ ತರಗೆಲೆ ನೆಲವನ್ನು ಮುಚ್ಚುತ್ತದೆ, ನೆರಳು ಬಿಸಿಲನ್ನು ತಡೆಯುತ್ತದೆ. ಪದವಿನ ಗಿಡಗಳನ್ನು ಉಳಿಸಿದ್ದ ಬಡ ಮಣ್ಣು, ತೆರೆದ ನೆಲ, ಬಿಸಿಲು ಎಂಬ ಮೂರು ಕಾರಣಗಳೂ ಇದರಿಂದ ಒಟ್ಟಿಗೇ ಇಲ್ಲವಾಗುತ್ತವೆ. ಉಪಗ್ರಹದ ಚಿತ್ರದಲ್ಲಿ ಆ ಜಾಗ ಹಸಿರಾಗಿ ಕಂಡರೂ ಅಲ್ಲಿ ನಡೆದಿರುವುದು ನಷ್ಟ ಎಂಬುದರಲ್ಲಿ ಅನುಮಾನವಿಲ್ಲ.

ನಂಬಿಕೆ: ಕೃಷಿ ಇದ್ದಲ್ಲಿ ವನ್ಯಜೀವಿ ವೈವಿಧ್ಯ ಇರದು

ಉತ್ತರ ಕನ್ನಡದ ಅಡಿಕೆ ಸೀಮೆಯ ಹಕ್ಕಿಗಳನ್ನು ಕುರಿತು ಜೈ ರಂಗನಾಥನ್, ರಂಜಿತ್ ಡೇನಿಯಲ್ಸ್, ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ, ಶತಮಾನಗಳಿಂದ ಅಡಿಕೆ ಬೆಳೆಯುತ್ತಿರುವ ಆ ಭೂಮಿಯಲ್ಲಿ ಸುತ್ತಲಿನ ಕಾಡಿನ ಹಕ್ಕಿ ಪ್ರಭೇದಗಳಲ್ಲಿ ನೂರಕ್ಕೆ ಸುಮಾರು 90ರಷ್ಟು ಉಳಿದಿವೆಯೆಂದು ತೋರಿಸಿತು. ಇದರ ಕಾರಣಗಳು ಎರಡು: ಅಡಿಕೆಯ ಕೆಳಗೆ ಕಾಳುಮೆಣಸು, ಬಾಳೆ, ಏಲಕ್ಕಿಗಳಂಥ ಮಿಶ್ರಬೆಳೆಗಳಿಂದ ತೋಟಕ್ಕೆ ಕಾಡಿನಂಥ ಹಲವು ಅಂತಸ್ತುಗಳಿದ್ದವು, ಮತ್ತು ತರಗೆಲೆಗಾಗಿ ಕಾಡನ್ನು ತೋಟದ ಪಕ್ಕದಲ್ಲೇ ಉಳಿಸಿಕೊಳ್ಳಲಾಗಿತ್ತು. ಬಂಟ್ವಾಳ, ಬೆಳ್ತಂಗಡಿಗಳಲ್ಲಿ ತೋಟ ಗದ್ದೆಗಳಿಗೆ ಸೊಪ್ಪು ಕೊಡುತ್ತಿದ್ದ ಕುಮ್ಕಿ ಜಾಗಗಳು ಇದೇ ಕೆಲಸ ಮಾಡುತ್ತಿದ್ದವು. ಕುಮ್ಕಿ ಅಡಿಕೆಯಾಗಿ ಅಥವಾ ರಬ್ಬರಾಗಿ ಬದಲಾದಲ್ಲಿ, ಅಂತಸ್ತುಗಳಿಲ್ಲದ ಒಂಟಿಬೆಳೆಯ ತೋಟಕ್ಕೆ ಈ ಅಧ್ಯಯನದ ಫಲಿತಾಂಶವನ್ನು ಅನ್ವಯಿಸಲಾಗದು.

ನಂಬಿಕೆ: ಬನವನ್ನು ಯಾರೂ ಕಡಿಯುವುದಿಲ್ಲವಾದ್ದರಿಂದ ಅದರ ವೈವಿಧ್ಯ ಸುರಕ್ಷಿತ

ದೇವರ ಕಾಡುಗಳ ಪರಿಸರ ಮಹತ್ವವನ್ನು ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ 1970ರ ದಶಕದಲ್ಲಿಯೇ ವಿಜ್ಞಾನಿಗಳ ಮುಂದಿಟ್ಟಿದ್ದರು. ತುಳುನಾಡಿನ ನಾಗಬನಗಳಲ್ಲಿ ಕೊಡಲಿ ಹಾಕಬಾರದೆಂಬ ಕಟ್ಟಳೆಯಿಂದಾಗಿ ಧೂಪ, ಕಿರಾಲುಬೋಗಿ, ರೆಂಜೆ, ಹೆಬ್ಬಲಸುಗಳಂಥ ಮರಗಳು ಊರ ನಡುವೆಯೂ ಉಳಿದುಬಂದಿರುವುದು ನಿಜ. ಆದರೆ ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ 1967ರಲ್ಲಿ ವಿವರಿಸಿದ ದ್ವೀಪ ಸಿದ್ಧಾಂತದ ಪ್ರಕಾರ, ಸುತ್ತಲಿನಿಂದ ಬೇರ್ಪಟ್ಟ ಸಣ್ಣ ನೆಲೆಯಲ್ಲಿ ಪ್ರತಿ ಪ್ರಭೇದದ ಸಂಖ್ಯೆ ಕಡಿಮೆಯಿರುವುದರಿಂದ ಅಳಿವು ಹೆಚ್ಚು, ಹೊರಗಿನಿಂದ ಮರಳಿ ಬರುವುದು ಕಡಿಮೆ. ಕೆಲವೇ ಸೆಂಟ್ಸ್ ವಿಸ್ತೀರ್ಣದ ಬನವೂ ಅಂಥದೇ ಒಂದು ದ್ವೀಪ. ಮರಗಳಿಗೆ ನೂರಾರು ವರ್ಷ ಆಯುಸ್ಸಿರುವುದರಿಂದ, ಬೀಜ ಒಯ್ಯುವ ಮಂಗಟ್ಟೆ ಹಕ್ಕಿ, ಪುನುಗು ಬೆಕ್ಕುಗಳು ಬಾರದೆ ಹೊಸ ಸಸಿ ಹುಟ್ಟುವುದು ನಿಂತುಹೋದರೂ ಬನ ಬಹುಕಾಲ ಹಸಿರಾಗಿಯೇ ಕಾಣುತ್ತಿರುತ್ತದೆ. ಬನದ ಅಂಚಿನಿಂದ ಒಳನುಗ್ಗುವ ಲಂಟಾನ ಮತ್ತು ಕಮ್ಯುನಿಸ್ಟ್ ಗಿಡಗಳು ಬೆಳಕಿನ ಸ್ಪರ್ಧೆಯಲ್ಲಿ ಸಸಿಗಳನ್ನು ಮುಚ್ಚಿಬಿಡುತ್ತವೆ.

ಇದಕ್ಕಿಂತ ವೇಗವಾದ ನಷ್ಟ ಜೀರ್ಣೋದ್ಧಾರದ ಹೆಸರಿನಲ್ಲಿ ಆಗುತ್ತಿದೆ. ಮರಗಳನ್ನು ತೆಗೆದು ಅಥವಾ ಒಂದೆರಡನ್ನು ಮಾತ್ರ ಉಳಿಸಿ, ನೆಲಕ್ಕೆ ಸಿಮೆಂಟು ಹಾಸಿ, ಸುತ್ತ ಆವರಣ ಗೋಡೆ ಕಟ್ಟಿ, ನಾಗನ ಕಲ್ಲುಗಳನ್ನು ಕಟ್ಟೆಯ ಮೇಲೆ ಪ್ರತಿಷ್ಠಾಪಿಸುವ ರೂಢಿ ಹೆಚ್ಚಿದೆ. ಧೂಪದ ಬೀಜ ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಅದು ಬಿದ್ದ ಮಳೆಗಾಲದಲ್ಲಿಯೇ ಒದ್ದೆ ಮಣ್ಣು ಸಿಗಬೇಕು. ಸಿಮೆಂಟಿನ ಮೇಲೆ ಬಿದ್ದ ಬೀಜಕ್ಕೆ ಇನ್ನೊಂದು ಅವಕಾಶವಿಲ್ಲ. ಸಸಿಗಳ ನಡುವಿನ ಸ್ಪರ್ಧೆಯನ್ನು ಹದದಲ್ಲಿಡುತ್ತಿದ್ದ ತರಗೆಲೆಯ ಕೀಟಗಳೂ ಶಿಲೀಂಧ್ರಗಳೂ ನೆಲದೊಡನೆ ಹೋಗುತ್ತವೆ.

ನಾಗರ ಪಂಚಮಿಗೆ ಬನಕ್ಕೆ ಹೋಗುವ ಕುಟುಂಬಗಳೂ ಜೀರ್ಣೋದ್ಧಾರ ಸಮಿತಿಗಳೂ ಕಟ್ಟೆ ಬೇಕೆಂದಾದರೆ ಅದನ್ನು ಕಲ್ಲಿನಷ್ಟೇ ಜಾಗಕ್ಕೆ ಸೀಮಿತಗೊಳಿಸಿ, ಉಳಿದ ನೆಲವನ್ನು ಮಣ್ಣಾಗಿಯೇ ಬಿಟ್ಟು, ತರಗೆಲೆಯನ್ನು ಗುಡಿಸಿ ಸುಡದೆ, ಲಂಟಾನ ಮತ್ತು ಕಮ್ಯುನಿಸ್ಟ್ ಗಿಡಗಳನ್ನು ಮಾತ್ರ ಕಿತ್ತು, ಬನದೊಳಗೆ ತಾನಾಗಿ ಮೊಳೆತ ಸಸಿಗಳನ್ನು ಉಳಿಸಿಕೊಳ್ಳಬೇಕು. ಹೊಸದಾಗಿ ನೆಡುವುದಿದ್ದರೆ ಹತ್ತಿರದ ಇನ್ನೊಂದು ಬನದ ಬೀಜವನ್ನೇ ತಂದು ಮಳೆಗಾಲದ ಮೊದಲ ವಾರಗಳಲ್ಲಿ ಊರಬೇಕು.