ಮಾರಿಯ ಕಾಲದ ಆಟ: ನಿತ್ಯವೋ ಕಾಮ್ಯವೋ

ಜನಮಾರಕವಾದ ವ್ಯಾಧಿಯು ನಾಡಿನಲ್ಲಿ ಹಬ್ಬಿರುವಾಗ ಆಟವನ್ನು ನಡೆಸಬಹುದೆ ಎಂಬ ವಿವಾದವು 2020–21ರಲ್ಲಿ ಕ್ರಿಕೆಟ್ಟಿನ ಅಭಿಮಾನಿಗಳೊಳಗೆ ಬಲವಾಗಿ ಎದ್ದಿತು. 2021ನೆಯ ಏಪ್ರಿಲ್ ತಿಂಗಳ ಒಂದು ಸಂಜೆ ನಮ್ಮ ಭೀಮಸಮುದ್ರದ ಕೆರೆಯ ಏರಿಯ ಮೇಲೆ ಅಡಿಕೆ ವ್ಯಾಪಾರದ ತರುಣರಿಬ್ಬರು ಇದನ್ನೇ ಚರ್ಚಿಸುತ್ತಿದ್ದರು. ಜನರು ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕದೆ ಸಾಯುತ್ತಿರುವಾಗ ಆಟವೆಂಥದು ಎಂದು ಒಬ್ಬನು. ಬಯಲಿನಲ್ಲಿ ನೋಡುವವರೇ ಇಲ್ಲದ ಮೇಲೆ ದೋಷವೇನು, ಮನೆಯಲ್ಲಿ ಕುಳಿತವರಿಗೆ ಅದೊಂದೇ ಸಮಾಧಾನವೆಂದು ಇನ್ನೊಬ್ಬನು. "ಶಾಸ್ತ್ರಿಗಳೇ, ನೀವಾದರೂ ಹೇಳಿ" ಎಂದು ಇಬ್ಬರೂ ನನ್ನ ಕಡೆಗೆ ತಿರುಗಿದರು.

ಕ್ರಿಕೆಟ್ಟಿನ ಮಾತಿಗೆ ಮೀಮಾಂಸೆಯನ್ನು ತರುವುದು ವಾಚಕರಿಗೆ ವಿಪರೀತವಾಗಿ ತೋರಬಹುದು. ಆದರೆ ವಿವಾದದ ಮೂಲದಲ್ಲಿರುವ ಪ್ರಶ್ನೆಯು ಹಳೆಯದೇ. ಒಂದು ಕರ್ಮದ ಎಲ್ಲ ಅಂಗಗಳನ್ನೂ ನೆರವೇರಿಸಲು ಶಕ್ತಿಯಿಲ್ಲದಿದ್ದಾಗ ಆ ಕರ್ಮವನ್ನು ಮಾಡಬೇಕೆ, ಬಿಡಬೇಕೆ? ಜೈಮಿನಿಯು ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಇದನ್ನು ವಿಚಾರಿಸಿದ್ದಾನೆ. ಅಗ್ನಿಹೋತ್ರಾದಿ ನಿತ್ಯಕರ್ಮವನ್ನು ಶಕ್ತಿಯಿದ್ದಷ್ಟು ಅಂಗಗಳಿಂದಲೇ ಮಾಡಬಹುದು. ಪ್ರಧಾನವು ನಡೆದರೆ ಸಾಕು. ಫಲವನ್ನು ಬಯಸಿ ಮಾಡುವ ಕಾಮ್ಯವಾದರೋ ಸರ್ವಾಂಗಪೂರ್ಣವಾಗಿಯೇ ನಡೆಯಬೇಕು. ಇಲ್ಲವಾದರೆ ಅದಕ್ಕೆ ಕೈಯಿಡದಿರುವುದೇ ಲೇಸು. ದ್ರವ್ಯವು ದೊರೆಯದಿದ್ದರೆ ಪ್ರತಿನಿಧಿದ್ರವ್ಯವನ್ನು ಕೊಳ್ಳಬಹುದೆಂಬುದೂ, ದೇವತೆಗೂ ಯಜಮಾನನಿಗೂ ಪ್ರತಿನಿಧಿಯಿಲ್ಲವೆಂಬುದೂ ಅದೇ ಪಾದದ ನಿರ್ಣಯ.

2020ನೆಯ ಮೈಸೂರು ದಸರೆಯಲ್ಲಿ ಈ ನ್ಯಾಯವು ತಾನಾಗಿಯೇ ಅನುಸರಿಸಲ್ಪಟ್ಟಿತು. ಜಂಬೂಸವಾರಿಯು ಬನ್ನಿಮಂಟಪದವರೆಗೆ ಹೋಗದೆ ಅರಮನೆಯ ಆವರಣದಲ್ಲಿಯೇ ಮುಗಿಯಿತು. ಪ್ರಧಾನವು ಉಳಿಯಿತು, ಅಂಗಗಳು ಬಿದ್ದವು. ಯಾರೂ ಅದನ್ನು ದಸರೆಯಲ್ಲವೆಂದು ಹೇಳಲಿಲ್ಲ.

ಕ್ರಿಕೆಟ್ಟಿನಲ್ಲಿ ನಡೆದುದು ಇದಕ್ಕೆ ವಿಪರೀತವಾದುದು. ರಣಜಿ ಪಂದ್ಯಾವಳಿಯು 1934ರಿಂದ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿಯೂ ಬಿಡದೆ ನಡೆದುಬಂದುದು. ಆಟದಲ್ಲಿ ನಿತ್ಯವೆಂಬುದೊಂದಿದ್ದರೆ ಅದೇ. 2020–21ರಲ್ಲಿ ಅದು ಮೊದಲ ಸಲ ನಿಂತಿತು. 2008ರಲ್ಲಿ ಹುಟ್ಟಿದ ಐಪಿಎಲ್ ಪಂದ್ಯಾವಳಿಯಾದರೋ ಸ್ಪಷ್ಟವಾಗಿ ಧನಕಾಮ್ಯವಾದುದು. ಅದನ್ನು 2020ನೆಯ ಸೆಪ್ಟೆಂಬರ್ 19ರಿಂದ ನವೆಂಬರ್ 10ರವರೆಗೆ ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ಹೇಗಾದರೂ ನಡೆಸಿದರು. (ಜನಪದೋದ್ಧ್ವಂಸದ ಕಾಲದಲ್ಲಿ ಕ್ಷೇಮವಾದ ದೇಶವನ್ನು ಸೇರಬೇಕೆಂದು ಚರಕಸಂಹಿತೆಯ ವಿಮಾನಸ್ಥಾನವು ಹೇಳುತ್ತದೆ, ಪ್ಲೇಗಿನಲ್ಲಿ ನಮ್ಮ ಹಿರಿಯರು ಊರು ಬಿಟ್ಟು ಹೊಲದ ಗುಡಿಸಲುಗಳಿಗೆ ಹೋದಂತೆಯೇ ಇದೂ.) ಬರಿದಾದ ಬಯಲಿನಲ್ಲಿ ಪ್ರೇಕ್ಷಕರ ಕೂಗಿಗೆ ಬದಲಾಗಿ ಮೊದಲೇ ಮುದ್ರಿಸಿಟ್ಟ ಕೂಗನ್ನು ಕೇಳಿಸಿದರು. ಪ್ರತಿನಿಧಿನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಪಾಠದಲ್ಲಿ ಇದುವರೆಗೆ ಕೊಟ್ಟಿಲ್ಲ.

ಇಷ್ಟರಿಂದ ಎರಡನೆಯ ತರುಣನ ಪಕ್ಷವು ಗೆದ್ದಂತೆ ತೋರಬಹುದು. ಆದರೆ ಇಬ್ಬರೂ ಒಂದನ್ನು ಮರೆತಿದ್ದರು. ಯಜ್ಞದಲ್ಲಿ ದುಡಿಯುವವನು ಋತ್ವಿಜನು. ದಕ್ಷಿಣೆಯು ಅವನದು, ಫಲವು ಯಜಮಾನನದು. ಆಟದಲ್ಲಿ ಆಟಗಾರನೇ ಋತ್ವಿಜನು. ನಡೆಸುವವರಿಗೆ ಧನವೂ ನೋಡುವವರಿಗೆ ಸಂತೋಷವೂ ಫಲವಾಗಿರುವಾಗ, ವ್ಯಾಧಿಯು ಹಿಡಿಯುವುದು ಅವನ ಮೈಯನ್ನು. ವರಣವನ್ನು ಒಪ್ಪದಿರುವ ಸ್ವಾತಂತ್ರ್ಯವು ಋತ್ವಿಜನಿಗುಂಟು. ಆ ಏಪ್ರಿಲ್ ತಿಂಗಳ ಕೊನೆಯಲ್ಲಿ ಕೆಲವರು ಅದನ್ನು ಬಳಸಿಕೊಂಡರು. ರವಿಚಂದ್ರನ್ ಅಶ್ವಿನರು ಕುಟುಂಬದವರ ಬಳಿಗೆ ಹೋದರು. ಬೆಂಗಳೂರಿನ ತಂಡದಿಂದ ಆಡಮ್ ಜಂಪಾ, ಕೇನ್ ರಿಚರ್ಡ್‌ಸನ್ ಇಬ್ಬರೂ ಸ್ವದೇಶದ ಕಡೆಗೆ ಹೊರಟರು. ಮೇ 3ರಂದು ಅಹಮದಾಬಾದಿನಲ್ಲಿ ನಡೆಯಬೇಕಾಗಿದ್ದ ಬೆಂಗಳೂರು–ಕಲ್ಕತ್ತಾ ಪಂದ್ಯವು, ಕಲ್ಕತ್ತೆಯ ಇಬ್ಬರು ಆಟಗಾರರಿಗೆ ಸೋಂಕು ತಗಲಿದ್ದರಿಂದ ನಿಂತಿತು. ಮರುದಿನ ಪಂದ್ಯಾವಳಿಯೇ ನಿಂತಿತು. ಆಗ 29 ಪಂದ್ಯಗಳು ಮುಗಿದಿದ್ದವು. ಬೆಂಗಳೂರಿನ ಬಯಲಿನ ಸರದಿಯು ಬರಲೇ ಇಲ್ಲ. ಉಳಿದ ಪಂದ್ಯಗಳನ್ನು ಸೆಪ್ಟೆಂಬರ್ 19ರಿಂದ ಮತ್ತೆ ಅರಬ್ಬರ ನಾಡಿನಲ್ಲಿ ಆಡಿಸಿದರು.

ಏರಿಯ ಮೇಲೆ ನಾನು ತರುಣರಿಗೆ ಹೇಳಿದುದು ಅಂಗಲೋಪದ ಮಾತನ್ನು ಮಾತ್ರ. ಋತ್ವಿಜನ ವಿಚಾರವು ನನಗೂ ಹೊಳೆದುದು ಮೇ 3ರ ಸುದ್ದಿಯನ್ನು ಕೇಳಿದ ಮೇಲೆಯೇ.