ಕಿರಿಯ ಮಸೂರ, ಹಿರಿಯ ಮಸೂರ

ನಮ್ಮ ಹೈದರಾಬಾದಿನಲ್ಲಿ ಛಾಯಾಚಿತ್ರದ ಮಾತು ಬಂದರೆ ಮೊದಲು ನೆನೆಯಬೇಕಾದವರು ರಾಜಾ ದೀನ್ ದಯಾಳರು (1844–1905). ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ಅವರು ದೊಡ್ಡ ದೊಡ್ಡ ಗಾಜಿನ ಫಲಕಗಳ ಮೇಲೆ ಚಿತ್ರಗಳನ್ನು ತೆಗೆದರು. ಕ್ಯಾಮರಾ ಭಾರವಾದುದು ನಿಜ. ಆದರೆ ಫಲಕದಷ್ಟೇ ಅಗಲದ ಚಿತ್ರವನ್ನು ಅಚ್ಚೊತ್ತುವಾಗ ಮಸೂರದ ಸಣ್ಣಪುಟ್ಟ ದೋಷಗಳು ಹಿಗ್ಗುತ್ತಿರಲಿಲ್ಲ.

1925ರಲ್ಲಿ ಜರ್ಮನಿಯ ಲೈಟ್ಸ್ ಸಂಸ್ಥೆಯು ಆಸ್ಕರ್ ಬಾರ್ನಾಕನು ರಚಿಸಿದ ಲೈಕಾ ಕ್ಯಾಮರಾವನ್ನು ಹೊರತಂದಿತು. ಅದು ಅಂಗಿಯ ಜೇಬಿಗೆ ಒಗ್ಗುವಂತಹುದು. ಅದರ ಫಿಲ್ಮಿನ ಚಿತ್ರ 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲ ಮಾತ್ರ. ಇದನ್ನು 20 ಸೆಂ.ಮೀ. ಎತ್ತರಕ್ಕೆ ಹಿಗ್ಗಿಸಿದರೆ ಮಸೂರದ ತಪ್ಪೂ ಎಂಟು ಪಟ್ಟು ಹಿಗ್ಗುವುದಷ್ಟೆ! ಯಂತ್ರವು ಚಿಕ್ಕದಾದಷ್ಟೂ ಮಸೂರವು ಉತ್ತಮವಾಗಿರಬೇಕಾಯಿತು. ಮ್ಯಾಕ್ಸ್ ಬೆರೆಕನು ಈ ಕ್ಯಾಮರಾಕ್ಕಾಗಿ ರಚಿಸಿದ ಎಲ್ಮಾರ್ ಮಸೂರದಲ್ಲಿದ್ದುದು ನಾಲ್ಕೇ ಗಾಜುಗಳು. ಬಳಸದಿರುವಾಗ ಅದನ್ನು ಕ್ಯಾಮರಾದ ಒಡಲೊಳಕ್ಕೇ ತಳ್ಳಿಬಿಡಬಹುದಾಗಿತ್ತು. 1932ರಲ್ಲಿ ಲೈಕಾಕ್ಕೆ ರೇಂಜ್‌ಫೈಂಡರ್ ಕೂಡಿಕೊಂಡಿತು. ಎರಡು ಕಿಂಡಿಗಳಿಂದ ಬರುವ ಬಿಂಬಗಳನ್ನು ಒಂದಾಗಿಸಿ ದೂರವನ್ನು ಅಳೆಯುವ ಸಾಧನವಿದು.

ಹಾಗಾದರೆ ಕೆಲವು ಮಸೂರಗಳು ಏಕೆ ಅಷ್ಟು ದಪ್ಪ? ಬೆಳಕಿನ ಆಸೆಯಿಂದ. ಎಲ್ಮಾರಿನ ನಾಭಿದೂರ 50 ಮಿ.ಮೀ.; ಅದರ ಬಾಯಿ ಇದರ 3.5ರಲ್ಲಿ ಒಂದು ಪಾಲು, ಎಂದರೆ ಸುಮಾರು 14 ಮಿ.ಮೀ. ಅದೇ ನಾಭಿದೂರದ, 2008ರ ನಾಕ್ಟಿಲಕ್ಸ್ ಮಸೂರದ ಬಾಯಿ ಸುಮಾರು 52 ಮಿ.ಮೀ. ಬೆಳಕು 13 ಪಟ್ಟಿಗೂ ಅಧಿಕ. ತೂಕವೋ 700 ಗ್ರಾಂ! ಅಂಚಿನ ಮೂಲಕ ಬರುವ ಕಿರಣಗಳು ನಡುವಣ ಕಿರಣಗಳು ಸೇರುವಲ್ಲಿ ಸೇರುವುದಿಲ್ಲ. ಬಾಯಿ ಇಮ್ಮಡಿಯಾದರೆ ಇದರಿಂದಾಗುವ ಮಸುಕು ಸುಮಾರು ಎಂಟು ಮಡಿಯಾಗುತ್ತದೆ. ಇದನ್ನು ತಿದ್ದಲು ಮತ್ತಷ್ಟು ಗಾಜು, ಮತ್ತಷ್ಟು ಭಾರ. ನಾಕ್ಟಿಲಕ್ಸಿನಲ್ಲಿರುವುವು ಎಂಟು ಗಾಜುಗಳು.

ದೂರದ್ದು ಕಾಣದೆ ಕನ್ನಡಕ ಧರಿಸುವವರು ಅದನ್ನು ತೆಗೆದಿಟ್ಟು, ರಟ್ಟಿಗೆ ಸೂಜಿಯಿಂದ ಚುಚ್ಚಿದ ರಂಧ್ರದ ಮೂಲಕ ಕರಿಹಲಗೆಯನ್ನು ನೋಡಲಿ. ಅಕ್ಷರಗಳು ಸ್ಪಷ್ಟವಾಗುವುವು, ಆದರೆ ಮಂಕಾಗುವುವು. ಮಸೂರದ ಬಾಯನ್ನು ಕಿರಿದುಗೊಳಿಸಿದಾಗ ಆಗುವುದೂ ಇದೇ. (ತೀರ ಕಿರಿದಾದರೆ ಬೆಳಕು ಅಂಚಿನಲ್ಲಿ ಚದರಿ ಪುನಃ ಮಸುಕುಂಟಾಗುವುದು.) ಆದುದರಿಂದ ಗಚ್ಚಿಬೌಲಿಯ ಹೆಬ್ಬಂಡೆಗಳನ್ನು ಬಿಸಿಲಿನಲ್ಲಿ, ಬಾಯಿಯನ್ನು ನಾಭಿದೂರದ ಎಂಟನೆಯ ಒಂದು ಪಾಲಿಗಿಳಿಸಿ ಚಿತ್ರಿಸಿದರೆ, ಒಳ್ಳೆಯ ಕಿರಿಯ ಮಸೂರಕ್ಕೂ ಹಿರಿಯದಕ್ಕೂ ಇರುವ ಭೇದವು ಬರಿಗಣ್ಣಿಗೆ ತೋರುವುದೇ ಅಪರೂಪ.

ಈ ಬಗೆಯ ಕ್ಯಾಮರಾದಲ್ಲಿ ಮತ್ತೊಂದು ತೊಡಕುಂಟು. ನಾವು ನೋಡುವುದು ಮಸೂರದ ಮೂಲಕವಲ್ಲ, ಅದರ ಪಕ್ಕದ ಕಿಂಡಿಯಿಂದ. ದಪ್ಪ ಮಸೂರವು ದೃಶ್ಯದ ಬಲಗಡೆಯ ಕೆಳಮೂಲೆಯನ್ನೇ ಮರೆಮಾಡಿಬಿಡುತ್ತದೆ. ಆದರೆ ಒಳಗೆ ಕನ್ನಡಿಯಿಲ್ಲದ ಕಾರಣ ವಿಶಾಲ ನೋಟದ ಮಸೂರಗಳ ಹಿಂಗಾಜನ್ನು ಫಿಲ್ಮಿಗೆ ತೀರ ಸಮೀಪವಾಗಿರಿಸಬಹುದು. ಅವು ಚಿಕ್ಕವೂ ಉತ್ತಮವೂ ಆಗಿರುವುದು ಇದರಿಂದಲೇ. ಡಿಜಿಟಲ್ ಕ್ಯಾಮರಾ ಬಂದಾಗ ಈ ಅನುಕೂಲವೇ ಅಡ್ಡಿಯಾಯಿತು. ಓರೆಯಾಗಿ ಬೀಳುವ ಬೆಳಕನ್ನು ಫಿಲ್ಮು ಸಹಿಸಿತು, ಸಂವೇದಕವು ಸಹಿಸಲಿಲ್ಲ, ಮೂಲೆಗಳು ಕಪ್ಪಿಟ್ಟವು. 2006ರ ಲೈಕಾ ಎಂ8ರಲ್ಲಿ ಸಂವೇದಕದ ಮೇಲಣ ಸೂಕ್ಷ್ಮ ಮಸೂರಗಳನ್ನು ಅಂಚಿನೆಡೆಯಲ್ಲಿ ತುಸು ಸರಿಸಿ ಕೂರಿಸಬೇಕಾಯಿತು.

ಇಂದಿನ ಸಂವೇದಕಗಳು ಅಲ್ಪ ಬೆಳಕಿನಲ್ಲಿಯೂ ಚಿತ್ರವನ್ನು ಗ್ರಹಿಸಬಲ್ಲವು. ಊರು ಸುತ್ತುವ ವಿದ್ಯಾರ್ಥಿಗೆ ಕಿರಿಯ ಮಸೂರವೇ ಸಾಕೆಂದು ನನ್ನ ಮತ. ದೀಪಾವಳಿಯ ರಾತ್ರಿ ಒಂದೇ ಹಣತೆಯ ಬೆಳಕಿನಲ್ಲಿ ಅಜ್ಜಿಯ ಮುಖವನ್ನು ಹಿಡಿಯಬೇಕೆನ್ನುವವನು ಬೇಕಾದರೆ ಆ 700 ಗ್ರಾಂ ಹೊರಲಿ.