ನಿಮ್ಮ ಊರಿನ ದಂಪತಿಗಳ ಸಭೆ: ಎಲ್ಲರೂ ಪಾಲ್ಗೊಳ್ಳುವ ಬಗೆ

ಆರೋಗ್ಯ ಇಲಾಖೆಯ ಸಭೆ ಎಂದೊಡನೆ ನಿಮ್ಮ ಕಣ್ಣಿಗೆ ಕಟ್ಟುವ ಚಿತ್ರ ಯಾವುದು? ಶಾಲೆಯ ಜಗುಲಿಯ ಮೇಲೆ ಒಂದು ಮೇಜು, ಅದರ ಹಿಂದೆ ನಾಲ್ಕು ಕುರ್ಚಿಗಳು. ಕುರ್ಚಿಗಳಲ್ಲಿ ವೈದ್ಯಾಧಿಕಾರಿಗಳು ಹಾಗೂ ಊರಿನ ಹಿರಿಯರು. ಎದುರಿಗೆ ಜಮಖಾನದ ಮೇಲೆ ಗಂಡಸರು. ಬಾಗಿಲ ಬಳಿ ಸೆರಗು ಹೊದ್ದು, ಕೂಸನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸರು. ವೈದ್ಯರು ಮುಕ್ಕಾಲು ಗಂಟೆ ಮಾತನಾಡಿ, "ಏನಾದರೂ ಸಂದೇಹಗಳಿವೆಯೇ?" ಎಂದು ಕೇಳುತ್ತಾರೆ. ಯಾರೂ ತುಟಿ ಬಿಚ್ಚುವುದಿಲ್ಲ. ಸಭೆಯು ಯಶಸ್ವಿಯಾಯಿತೆಂದು ವರದಿ ಬರೆಯಲಾಗುತ್ತದೆ.

ಇಂತಹ ವರದಿಗಳನ್ನು ನಾನೂ ಬರೆದಿದ್ದೇನೆ. ಒಮ್ಮೆ ವಂಕಿಯ ವಿಷಯವಾಗಿ ವಿವರವಾಗಿ ಮಾತನಾಡಿ ಹೊರಟಾಗ, ಜೀಪಿನವರೆಗೂ ಹಿಂಬಾಲಿಸಿ ಬಂದ ತಾಯಿಯೊಬ್ಬರು ದನಿ ತಗ್ಗಿಸಿ ಕೇಳಿದರು: "ಅಲ್ಲ ಡಾಕ್ಟ್ರೇ, ಅದು ಮೆಲ್ಲಗೆ ಮೇಲಕ್ಕೆ ಏರಿ ಗುಂಡಿಗೆಗೆ ಚುಚ್ಚಿಕೊಳ್ತದಂತಲ್ಲ, ಹೌದಾ?" ಸಭೆಯಲ್ಲಿದ್ದ ಬಹುಪಾಲು ಹೆಂಗಸರ ಮನಸ್ಸಿನಲ್ಲಿದ್ದ ಪ್ರಶ್ನೆ ಅದೊಂದೇ ಎಂಬುದು ಆಮೇಲೆ ತಿಳಿಯಿತು. ನಾನು ಅದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಹೇಳಿದ್ದೆ! ಗರ್ಭಕೋಶವೆಂಬುದು ಸೀಬೆಕಾಯಿಯಷ್ಟು ದೊಡ್ಡದಾದ ಮಾಂಸದ ಚೀಲ. ಅಲ್ಲಿಂದ ಹೃದಯಕ್ಕೆ ವಂಕಿ ಸಾಗಬಲ್ಲ ದಾರಿಯೇ ಇಲ್ಲ. ಕೆಲವರಲ್ಲಿ ಅದು ತಾನಾಗಿ ಹೊರಬೀಳುವುದುಂಟು. ಬಹಳ ಅಪರೂಪವಾಗಿ ಗರ್ಭಕೋಶದ ಗೋಡೆಯನ್ನು ಹಾದುಹೋಗುವುದೂ ಉಂಟು. ಆದುದರಿಂದಲೇ ಅದರ ದಾರವನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು. ಇಷ್ಟನ್ನು ಎರಡು ನಿಮಿಷಗಳಲ್ಲಿ ಹೇಳಬಹುದಾಗಿತ್ತು, ಪ್ರಶ್ನೆ ಹೊರಬಂದಿದ್ದರೆ.

ಜನರು ಮೌನವಾಗಿರುವುದಕ್ಕೆ ನಾಚಿಕೆಯೊಂದೇ ಕಾರಣವಲ್ಲ. 1976ರಲ್ಲಿ ದೇಶದ ಹಲವೆಡೆ ಒತ್ತಾಯದಿಂದ ನಡೆದ ಶಸ್ತ್ರಚಿಕಿತ್ಸೆಗಳ ನೆನಪು ಹಿರಿಯರಲ್ಲಿ ಉಳಿದಿದೆ. ಕುಟುಂಬ ಕಲ್ಯಾಣ ಕಾರ್ಯದಲ್ಲಿ ಇಂತಿಷ್ಟು ಮಂದಿ ಎಂದು ಮೇಲಿನಿಂದ ಗುರಿ ನಿಗದಿಪಡಿಸುವ ಪದ್ಧತಿಯನ್ನು ಕೇಂದ್ರ ಸರ್ಕಾರವು 1996ರಲ್ಲಿಯೇ ಕೈಬಿಟ್ಟಿತು. ಹಾಗಿದ್ದರೂ ಇಲಾಖೆಯ ಜೀಪು ಬಂದಾಗ ಜನರು ಮಾತು ನುಂಗಿಕೊಳ್ಳುವುದನ್ನು ತಪ್ಪೆಂದು ಹೇಳಲಾರೆ. ಆದುದರಿಂದ ಸಭೆಯನ್ನು ನಾವು ನಡೆಸುವುದಕ್ಕಿಂತ ನೀವೇ ನಡೆಸುವುದು ಲೇಸು. ಓದುಬರಹ ಬಾರದವರೂ, ನಾಲ್ಕು ಜನರೆದುರು ಮಾತನಾಡಲು ಅಂಜುವವರೂ ಪಾಲ್ಗೊಳ್ಳಲು ಅನುಕೂಲವಾದ ಕೆಲವು ಚಟುವಟಿಕೆಗಳಿವೆ.

ಮೊದಲನೆಯದಾಗಿ ಸ್ಥಳ. ಊರಿನ ಎಲ್ಲ ಕೇರಿಯವರೂ ಸಂಕೋಚವಿಲ್ಲದೆ ಬಂದು ಕುಳಿತುಕೊಳ್ಳುವ ಜಾಗವನ್ನೇ ಆರಿಸಿಕೊಳ್ಳಿರಿ. ದೇವಸ್ಥಾನದ ಕಟ್ಟೆ ಅನುಕೂಲವೆಂದು ತೋರಬಹುದು. ಅಲ್ಲಿಗೆ ಬರಲು ಹಿಂಜರಿಯುವವರು ಇದ್ದಾರೆಂಬುದು ನಿಮಗೆ ಗೊತ್ತೇ ಇದೆ. ಅಂಗನವಾಡಿಯೋ ಶಾಲೆಯ ಅಂಗಳವೋ ಮೇಲು. ಕುರ್ಚಿ ಬೇಡ, ಎಲ್ಲರೂ ನೆಲದ ಮೇಲೆ ದುಂಡಾಗಿ ಕುಳಿತುಕೊಳ್ಳಬೇಕು. ವೈದ್ಯರು ಬಂದಿದ್ದರೆ ಅವರೂ ನೆಲದ ಮೇಲೆಯೇ. ಬಿತ್ತನೆ ಕೊಯ್ಲುಗಳ ಕಾಲವನ್ನು ಬಿಟ್ಟು, ಸಂಜೆ ಹಾಲು ಕರೆದಾದ ಮೇಲೆ, ಒಂದು ಗಂಟೆಗೆ ಮೀರದಂತೆ ಸಭೆ ಮುಗಿಯತಕ್ಕದ್ದು.

ಎಲ್ಲ ಊರುಗಳಲ್ಲಿಯೂ ಎಲ್ಲ ಪ್ರಶ್ನೆಗೂ ತಾವೇ ಉತ್ತರಿಸುವ ಒಬ್ಬಿಬ್ಬರು ಇರುತ್ತಾರೆ. ಅವರನ್ನು ಗದರಿಸಬೇಕಾಗಿಲ್ಲ. ಪ್ರತಿಯೊಬ್ಬರಿಗೂ ಮೂರು ಬೆಂಕಿಕಡ್ಡಿಗಳನ್ನು ಕೊಡಿರಿ. ಒಂದು ಸಲ ಮಾತನಾಡಿದರೆ ಒಂದು ಕಡ್ಡಿಯನ್ನು ನಡುವೆ ಇಡಬೇಕು. ಮೂರೂ ಮುಗಿದ ಮೇಲೆ ಕೇಳುತ್ತ ಕುಳಿತುಕೊಳ್ಳಬೇಕು. ಹತ್ತು ನಿಮಿಷಗಳಲ್ಲಿ ಕಡ್ಡಿ ಖಾಲಿ ಮಾಡಿಕೊಂಡವರಲ್ಲಿ ನಾನೂ ಒಬ್ಬ.

ಇನ್ನು ಬೀಜಗಳ ಚಟುವಟಿಕೆ. ನನ್ನ ಅನುಭವದಲ್ಲಿ ಇದಕ್ಕೆ ಸಮನಾದುದು ಇನ್ನೊಂದಿಲ್ಲ. ನಾಲ್ಕು ಮಡಕೆಗಳನ್ನು ಒಳಕೋಣೆಯಲ್ಲಿ ಇಡಿರಿ. ಒಂದರ ಮೇಲೆ ಸುಣ್ಣದಿಂದ ಹೃದಯದ ಚಿತ್ರ, ಎರಡನೆಯದರ ಮೇಲೆ ಗಂಡಸಿನ ಚಿತ್ರ, ಮೂರನೆಯದರ ಮೇಲೆ ಮುದುಕಿಯ ಚಿತ್ರ, ನಾಲ್ಕನೆಯದರ ಮೇಲೆ ಬಸ್ಸಿನ ಚಿತ್ರ ಬರೆಯಿರಿ. ಹೆಂಗಸರಿಗೆ ಕೇಳುವ ಪ್ರಶ್ನೆ ಇದು: "ಮಕ್ಕಳ ನಡುವೆ ಅಂತರ ಬೇಕೆಂದಿದ್ದರೂ ನೀವು ಯಾವ ವಿಧಾನವನ್ನೂ ಅನುಸರಿಸದಿರಲು ಮುಖ್ಯ ಕಾರಣವೇನು? ದೇಹಕ್ಕೆ ಕೆಡುಕಾದೀತೆಂಬ ಭಯವೋ, ಗಂಡನ ಒಪ್ಪಿಗೆ ಇಲ್ಲದಿರುವುದೋ, ಅತ್ತೆಯ ವಿರೋಧವೋ, ಆಸ್ಪತ್ರೆಯ ದೂರವೋ?" ಒಬ್ಬೊಬ್ಬರಾಗಿ ಒಳಗೆ ಹೋಗಿ ಒಂದು ಹುಣಿಸೆಬೀಜವನ್ನು ತಮಗೆ ಸರಿಯೆನಿಸಿದ ಮಡಕೆಗೆ ಹಾಕಿ ಬರಬೇಕು. ಬಳಿಕ ಗಂಡಸರಿಗೆ ಅವರೆಕಾಳು ಕೊಟ್ಟು, "ನಿಮ್ಮ ಹೆಂಡತಿಯನ್ನು ತಡೆಯುತ್ತಿರುವುದು ಯಾವುದೆಂದು ನೀವು ತಿಳಿದಿದ್ದೀರಿ?" ಎಂದು ಕೇಳಬೇಕು. ಕೊನೆಯಲ್ಲಿ ಎಲ್ಲರೆದುರು ಮಡಕೆಗಳನ್ನು ಬೋರಲು ಹಾಕಬೇಕು.

ಒಂದು ಊರಿನಲ್ಲಿ ಅವರೆಕಾಳುಗಳು ಹೆಚ್ಚಾಗಿ ಹೃದಯದ ಮಡಕೆಯಲ್ಲಿದ್ದವು, ಹುಣಿಸೆಬೀಜಗಳು ಹೆಚ್ಚಾಗಿ ಗಂಡಸಿನ ಮಡಕೆಯಲ್ಲಿದ್ದವು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಒಬ್ಬ ಯುವಕ, "ನಾನು ಯಾವತ್ತೂ ಬೇಡ ಅಂದಿಲ್ಲವಲ್ಲ" ಎಂದ. ಹೆಂಗಸರ ಸಾಲಿನಿಂದ, ಯಾರೆಂದು ತಿಳಿಯದಂತೆ, ಉತ್ತರ ಬಂತು: "ಬೇಕು ಅಂತಾನೂ ಅಂದಿಲ್ಲ." ಆ ಸಂಜೆ ನಾನು ಹೇಳಬೇಕಾದ ಮಾತು ಬಹಳ ಕಡಿಮೆ ಉಳಿಯಿತು. ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕಡೆಯಪಕ್ಷ 24 ತಿಂಗಳು ಬಿಡುವುದು ತಾಯಿಗೂ ಮಗುವಿಗೂ ಕ್ಷೇಮವೆಂಬುದನ್ನು ಹಾಗೂ ಅದಕ್ಕಿರುವ ವಿಧಾನಗಳನ್ನು ತಿಳಿಸಿದೆ, ಅಷ್ಟೆ.

ಇಲ್ಲಿ ಎರಡು ಎಚ್ಚರಿಕೆಗಳು. ಯಾರ ಬೀಜ ಯಾವುದೆಂದು ಹುಡುಕಲು ಹೋಗಕೂಡದು. ಹತ್ತು ಮಂದಿಗಿಂತ ಕಡಿಮೆ ಇದ್ದರೆ ಗುಟ್ಟು ಉಳಿಯುವುದಿಲ್ಲವಾದುದರಿಂದ ಈ ಚಟುವಟಿಕೆಯೇ ಬೇಡ. ಸಭೆಯಲ್ಲಿ ಆಡಿದ ಮಾತು ಮನೆಯ ಜಗಳಕ್ಕೆ ಕಾರಣವಾದರೆ ಮುಂದಿನ ಸಭೆಗೆ ಯಾವ ಹೆಂಗಸೂ ಬರಲಾರಳು. ಅಂತೆಯೇ ಆ ದಿನ ಯಾರಿಂದಲೂ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಬಾರದು. ಯೋಚಿಸಿ, ಗಂಡಹೆಂಡಿರು ಮಾತನಾಡಿಕೊಂಡು, ತಾವಾಗಿಯೇ ಆರೋಗ್ಯ ಕೇಂದ್ರಕ್ಕೆ ಬರಲಿ.

ಮತ್ತೊಂದು ಚಟುವಟಿಕೆಯ ಹೆಸರು "ಏಕೆ?" ಮೆಕ್ಸಿಕೋ ದೇಶದ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಿದ ಡೇವಿಡ್ ವರ್ನರ್ ಅವರು ಬಿಲ್ ಬವರ್ ಅವರೊಡನೆ 1982ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಒಂದು ಕಥೆ ಹೇಳಿ, ಅದರ ಪ್ರತಿಯೊಂದು ಕಾರಣಕ್ಕೂ ಮತ್ತೆ "ಏಕೆ?" ಎಂದು ಕೇಳುತ್ತ ಹೋಗುವುದೇ ಇದರ ಕ್ರಮ. ಬಾಣಂತಿಯೊಬ್ಬಳು ಹೆರಿಗೆಯಾದ ರಾತ್ರಿಯೇ ತೀರಿಕೊಂಡಳು ಎಂದಿಟ್ಟುಕೊಳ್ಳಿರಿ. ಏಕೆ? ರಕ್ತಸ್ರಾವ ನಿಲ್ಲಲಿಲ್ಲ. ಆಸ್ಪತ್ರೆಗೆ ಏಕೆ ಒಯ್ಯಲಿಲ್ಲ? ಗಾಡಿ ಸಿಕ್ಕುವಷ್ಟರಲ್ಲಿ ಹೊತ್ತು ಮೀರಿತ್ತು. ಮೊದಲೇ ಏಕೆ ಹೊರಡಲಿಲ್ಲ? ಗಂಡ ಕೂಲಿಗಾಗಿ ಬೇರೆ ಊರಿಗೆ ಹೋಗಿದ್ದ. "ಮಗ ಬರಲಿ" ಎಂದು ಅತ್ತೆ ಕಾದರು. ಅಷ್ಟು ಬೇಗ ಏಕೆ ಸೋತುಹೋದಳು? ಮೊದಲೇ ರಕ್ತಹೀನತೆಯಿತ್ತು. ಅದೇಕೆ? ಕಬ್ಬಿಣಾಂಶದ ಮಾತ್ರೆ ತಿಂದರೆ ವಾಕರಿಕೆಯೆಂದು ಬಿಟ್ಟಿದ್ದಳು. ಒಂದೊಂದು ಉತ್ತರ ಬಂದಾಗಲೂ ಉತ್ತರಿಸಿದವರು ಎದ್ದು ಬಂದು ಹಗ್ಗಕ್ಕೆ ಒಂದು ಗಂಟು ಹಾಕಿ ಹಿಡಿದುಕೊಳ್ಳಬೇಕು. ಹಗ್ಗವು ತುಂಬಿದ ಮೇಲೆ, "ಇದರಲ್ಲಿ ನಮ್ಮ ಊರಿನವರೇ ಬಿಚ್ಚಬಹುದಾದ ಗಂಟು ಯಾವುದು?" ಎಂದು ಕೇಳಿರಿ.

ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವದಿಂದ ಎರಡೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ದೊಡ್ಡ ಆಸ್ಪತ್ರೆಯನ್ನು ಊರಿಗೆ ತರುವುದು ನಿಮ್ಮ ಕೈಯಲ್ಲಿಲ್ಲ. ಆದರೆ "ನಾನು ಊರಲ್ಲಿ ಇಲ್ಲದಿದ್ದರೂ ಕಾಯಬೇಡಿ, ಕರೆದುಕೊಂಡು ಹೋಗಿ" ಎಂದು ಗಂಡನಾದವನು ತನ್ನ ತಾಯಿಗೆ ಎಲ್ಲರೆದುರು ಹೇಳಿದರೆ ಒಂದು ಗಂಟು ಅಲ್ಲಿಯೇ ಬಿಚ್ಚಿತು. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗುವಂತೆ ನೋಡಿಕೊಳ್ಳುವುದೂ ಮನೆಯವರ ಕೈಯಲ್ಲಿಯೇ ಇದೆ. ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ.

ವಾಹನದ ಗಂಟಿಗೆ ನೆಲದ ಮೇಲಿನ ನಕ್ಷೆ ನೆರವಾಗುತ್ತದೆ. ರಂಗೋಲಿ ಪುಡಿಯಿಂದ ಊರಿನ ಬೀದಿಗಳನ್ನು ಎಳೆದು, ಗರ್ಭಿಣಿಯರಿರುವ ಮನೆಗೆ ಹೂವು, ಎಳೆಗೂಸಿರುವ ಮನೆಗೆ ಎಲೆ, ವಾಹನವಿರುವ ಮನೆಗೆ ಕಲ್ಲು ಇಡಿರಿ. ತೋಟದಲ್ಲಿ ಒಂಟಿಯಾಗಿರುವ ಮನೆಯನ್ನು ಊರವರು ಮರೆಯುವುದುಂಟು, ಹೆಂಗಸರು ಮರೆಯುವುದಿಲ್ಲ. ನಕ್ಷೆಯ ಅಂಚಿನ ಆ ಹೂವಿಗೆ ಯಾವ ಕಲ್ಲು ಹತ್ತಿರವೆಂದು ಅಂದೇ ಗೊತ್ತುಮಾಡಿಕೊಳ್ಳಿರಿ. 108 ವಾಹನವು ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ಆದರೆ ಮಳೆಗಾಲದಲ್ಲಿ ಹಳ್ಳ ದಾಟಿ ರಸ್ತೆಯವರೆಗೆ ಹೊತ್ತು ತರುವವರು ನೀವೇ ತಾನೆ?

ಬೀಜ, ಹಗ್ಗ, ರಂಗೋಲಿ ಇವೆಲ್ಲ ಮಕ್ಕಳಾಟವೆಂದು ಕೆಲವರು ನಗುವುದುಂಟು. ನೇಪಾಳದ ಮಕ್ವಾನ್‌ಪುರ ಜಿಲ್ಲೆಯಲ್ಲಿ ಹೆಂಗಸರು ತಿಂಗಳಿಗೊಮ್ಮೆ ಹೀಗೆ ಸೇರಿ ತಮ್ಮ ತೊಂದರೆಗಳನ್ನು ತಾವೇ ವಿಚಾರಿಸಿದ ಊರುಗಳಲ್ಲಿ ನವಜಾತ ಶಿಶುಗಳ ಮರಣವು ಇತರ ಊರುಗಳಿಗಿಂತ ಶೇಕಡ 30ರಷ್ಟು ಕಡಿಮೆಯಾಗಿತ್ತೆಂದು 2004ರಲ್ಲಿ ಪ್ರಕಟವಾಯಿತು. ಜಾರ್ಖಂಡ್ ಮತ್ತು ಒಡಿಶಾದ ಹಳ್ಳಿಗಳಲ್ಲಿ 2005ರಿಂದ 2008ರವರೆಗೆ ನಡೆದ ಇಂತಹುದೇ ಪ್ರಯತ್ನದಲ್ಲಿ ಆಟ, ಕಥೆ, ಚಿತ್ರಗಳನ್ನು ಬಳಸಲಾಯಿತು. ಅಲ್ಲಿಯೂ ಶೇಕಡ 32ರಷ್ಟು ಇಳಿಕೆ ಕಂಡಿತು. ಎರಡೂ ಕಡೆ ಸಭೆ ನಡೆಸಿದವರು ವೈದ್ಯರಲ್ಲ, ಆ ಭಾಗದ ಹೆಂಗಸರೇ. ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿ ಈ ಕ್ರಮವನ್ನು ಗ್ರಾಮೀಣ ಪ್ರದೇಶಗಳಿಗೆ ಶಿಫಾರಸು ಮಾಡಿತು.

ಮೊದಲ ಸಭೆಗೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ನೆರವು ಪಡೆಯಿರಿ. ನಡೆಸಿಕೊಡುವವರು ಗಂಡಹೆಂಡಿರಿಬ್ಬರೂ ಆದರೆ ಉತ್ತಮ. ಉತ್ತರ ತಿಳಿಯದ ಪ್ರಶ್ನೆ ಬಂದರೆ ಊಹಿಸಿ ಹೇಳದೆ, ಒಂದು ಬೀಜವನ್ನು ಪಕ್ಕಕ್ಕೆ ಎತ್ತಿಟ್ಟು, ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಮುಂದಿನ ತಿಂಗಳ ಸಭೆಯನ್ನು ಅದೇ ಬೀಜದಿಂದ ಆರಂಭಿಸಿರಿ. ಮಡಕೆಗಳು ಇಲ್ಲದಿದ್ದರೆ ಮನೆಯ ಚೊಂಬುಗಳಾದರೂ ಸಾಕು. ಒಳಗಿನ ಬೀಜ ಹೊರಗೆ ಕಾಣದಂತಿದ್ದರೆ ಸರಿ.